ಕೊಣಾಜೆಯ ಗುಡ್ಡ, ತಲಪಾಡಿಯ ಗಡಿ: ಒಂದು ಪಿ.ಜಿ. ಸೆಂಟರಿನ ಕತೆ

ಪ್ರತಿ ವರ್ಷ ಮೇ ತಿಂಗಳು ಬಂತೆಂದರೆ ನಮ್ಮ ಶಾಲೆಯಲ್ಲಿ ಕಲಿತು ಹೋದ ಮಕ್ಕಳು ಅಪ್ಪನನ್ನೋ ಅಮ್ಮನನ್ನೋ ಕರೆದುಕೊಂಡು ನಮ್ಮ ಮನೆಯಂಗಳಕ್ಕೆ ಬರುತ್ತಾರೆ. ಕೈಯಲ್ಲಿ ಒಂದು ಪ್ಲಾಸ್ಟಿಕ್ ಫೈಲು. ಅದರೊಳಗೆ ಎಸ್.ಎಸ್.ಎಲ್.ಸಿ.ಯಿಂದ ಹಿಡಿದು ಡಿಗ್ರಿಯವರೆಗಿನ ಎಲ್ಲ ಕಾಗದಗಳು. "ಮಾಷ್ಟ್ರೇ, ಇವಳದ್ದು ಡಿಗ್ರಿ ಆಯಿತು. ಕನ್ನಡ ಎಂ.ಎ. ಮಾಡುತ್ತೇನೆ ಅಂತಾಳೆ. ಎಲ್ಲಿಗೆ ಸೇರಿಸುವುದು, ಕೊಣಾಜೆಗೋ ಕಾಸರಗೋಡಿಗೋ?" ಎಂದು ಕೇಳುತ್ತಾರೆ.

ಈ ಪ್ರಶ್ನೆಗೆ ಉತ್ತರ ಹೇಳುವಷ್ಟು ದೊಡ್ಡ ಓದು ನನ್ನದಲ್ಲ. ನಾನು ಟಿ.ಸಿ.ಎಚ್. ಮಾಡಿ ಕೆಲಸಕ್ಕೆ ಸೇರಿ, ಆಮೇಲೆ ಖಾಸಗಿಯಾಗಿ ಪರೀಕ್ಷೆಗೆ ಕುಳಿತು ಬಿ.ಎ. ಪೂರೈಸಿದವನು. ವಿಶ್ವವಿದ್ಯಾನಿಲಯದ ತರಗತಿಯಲ್ಲಿ ಕುಳಿತು ಓದುವ ಯೋಗ ಬರಲಿಲ್ಲ. ಆದರೂ ಆ ಹುಡುಗಿಯ ಪ್ರಶ್ನೆ ಕೇಳಿದಾಗಲೆಲ್ಲ ನನಗೆ ಅನಿಸುವುದೊಂದಿದೆ. ಎರಡು ಊರುಗಳ ಹೆಸರು ಹೇಳಿ "ಇದೋ ಅದೋ" ಎಂದು ಕೇಳುವ ಸ್ಥಿತಿಗೆ ಬರಲು ನಮ್ಮ ನಾಡಿಗೆ ಬಹಳ ಕಾಲ ಹಿಡಿದಿದೆ. ಅವಳ ಅಜ್ಜನ ಕಾಲದಲ್ಲಿ ಈ ಪ್ರಶ್ನೆಯೇ ಇರಲಿಲ್ಲ. ಆ ಕತೆಯನ್ನು ನಮ್ಮ ಕನ್ನಡ ಮಾಧ್ಯಮದ ಮಕ್ಕಳೂ ಪಾಲಕರೂ ತಿಳಿದಿರಬೇಕು ಎಂದು ಇದನ್ನು ಬರೆಯುತ್ತಿದ್ದೇನೆ.

ಮದರಾಸಿನ ಕಾಲ

1956ರ ನವೆಂಬರ್ 1ರವರೆಗೆ ಕಾಸರಗೋಡು ದಕ್ಷಿಣ ಕನ್ನಡ ಜಿಲ್ಲೆಯ ಒಂದು ತಾಲೂಕಾಗಿತ್ತು. ಜಿಲ್ಲೆ ಇದ್ದದ್ದು ಮದರಾಸು ಆಡಳಿತದಲ್ಲಿ. ಆದ್ದರಿಂದ ಇಲ್ಲಿನವರಿಗೆ ವಿಶ್ವವಿದ್ಯಾನಿಲಯ ಎಂದರೆ ಮದರಾಸು. ಮಂಗಳೂರಿನಲ್ಲಿ 1880ರಲ್ಲಿ ಆರಂಭವಾದ ಸಂತ ಅಲೋಶಿಯಸ್ ಕಾಲೇಜು ಇತ್ತು, ಸರಕಾರಿ ಕಾಲೇಜೂ ಇತ್ತು. 1949ರಲ್ಲಿ ಉಡುಪಿಯಲ್ಲಿ ಮಹಾತ್ಮಾ ಗಾಂಧಿ ಮೆಮೋರಿಯಲ್ ಕಾಲೇಜು ಬಂತು. ಆದರೆ ಪಾಠ ಎಲ್ಲಿಯೇ ನಡೆಯಲಿ, ಪರೀಕ್ಷೆ ನಡೆಸಿ ಪದವಿ ಕೊಡುವುದು ಮದರಾಸು. ಅದಕ್ಕಿಂತ ಮೇಲೆ ಓದಬೇಕೆಂದರೆ ಊರು ಬಿಡಲೇಬೇಕು.

ಊರು ಬಿಟ್ಟು ಓದುವುದು ಎಷ್ಟು ಕಷ್ಟ ಎಂಬುದಕ್ಕೆ ನಮ್ಮ ಮಂಜೇಶ್ವರದ ಗೋವಿಂದ ಪೈಗಳೇ ಉದಾಹರಣೆ. ಅವರು ಬಿ.ಎ. ಓದಲು ಮದರಾಸಿಗೆ ಹೋದರು. ಓದು ಮುಗಿಯುವ ಹೊತ್ತಿಗೆ ತಂದೆಯವರ ಕಾಯಿಲೆಯ ಕಾರಣ ಊರಿಗೆ ಮರಳಬೇಕಾಯಿತು. ಪದವಿ ಪೂರ್ತಿಯಾಗಲಿಲ್ಲ. ಹಲವು ಭಾಷೆಗಳನ್ನು ಬಲ್ಲ, ಇತಿಹಾಸ ಸಂಶೋಧನೆಯಲ್ಲಿ ಇಡೀ ಕನ್ನಡ ನಾಡೇ ತಲೆಬಾಗಿದ, 1949ರಲ್ಲಿ ರಾಷ್ಟ್ರಕವಿ ಎಂಬ ಗೌರವ ಪಡೆದ ಆ ಹಿರಿಯರ ಕೈಯಲ್ಲಿ ಬಿ.ಎ. ಪದವಿ ಇರಲಿಲ್ಲ. ಪೈಗಳಿಗೆ ಪದವಿಯ ಅಗತ್ಯ ಬೀಳಲಿಲ್ಲ ಎನ್ನಬಹುದು. ಮನೆಯಲ್ಲಿ ಗ್ರಂಥಭಂಡಾರ ಕಟ್ಟುವಷ್ಟು ಅನುಕೂಲ ಅವರಿಗಿತ್ತು. ಅದೇ ಕಾಲದಲ್ಲಿ ಗದ್ದೆ ಬೇಸಾಯದ ಮನೆಯ ಹುಡುಗನೊಬ್ಬ ಅರ್ಧದಲ್ಲಿ ಮರಳಿದ್ದರೆ ಅವನ ಓದು ಅಲ್ಲಿಗೇ ಮುಗಿಯುತ್ತಿತ್ತು.

ಒಂದು ಗೆರೆ, ಎರಡು ದಿಕ್ಕು

1956ರ ರಾಜ್ಯ ಪುನರ್ವಿಂಗಡಣೆಯಲ್ಲಿ ಕಾಸರಗೋಡು ಕೇರಳಕ್ಕೆ ಸೇರಿತು. ಚಂದ್ರಗಿರಿ ಹೊಳೆಯಿಂದ ಉತ್ತರದ ಭಾಗ ಕರ್ನಾಟಕಕ್ಕೆ ಸೇರಬೇಕೆಂದು ಮಹಾಜನ ಆಯೋಗ 1967ರಲ್ಲಿ ವರದಿ ಕೊಟ್ಟದ್ದೂ ಅದು ಜಾರಿಗೆ ಬಾರದೆ ಉಳಿದದ್ದೂ ನಮ್ಮೆಲ್ಲರಿಗೂ ಗೊತ್ತಿರುವ ಸಂಗತಿ. ಅದನ್ನು ಇಲ್ಲಿ ಬೆಳೆಸುವುದಿಲ್ಲ. ವಿದ್ಯಾರ್ಥಿಗಳ ಪಾಲಿಗೆ ಏನಾಯಿತು ಎಂಬುದನ್ನಷ್ಟೇ ನೋಡೋಣ.

1957ರಲ್ಲಿ ಕಾಸರಗೋಡಿನಲ್ಲಿ ಸರಕಾರಿ ಕಾಲೇಜು ಆರಂಭವಾಯಿತು. ಇದು ನಮ್ಮ ನಾಡಿಗೆ ದೊಡ್ಡ ಉಪಕಾರ. ಮಂಗಳೂರಿನಲ್ಲಿ ಬಾಡಿಗೆ ಕೋಣೆ ಹಿಡಿಯಲು ಆಗದವರ ಮಕ್ಕಳು ಮನೆಯಿಂದಲೇ ಹೋಗಿ ಓದುವಂತಾಯಿತು. ಆದರೆ ಈಗ ವಿಶ್ವವಿದ್ಯಾನಿಲಯ ಮದರಾಸಲ್ಲ, ತಿರುವನಂತಪುರದ ಕೇರಳ ವಿಶ್ವವಿದ್ಯಾನಿಲಯ. ಕಾಸರಗೋಡು ಕೇರಳದ ಉತ್ತರದ ತುದಿ, ತಿರುವನಂತಪುರ ದಕ್ಷಿಣದ ತುದಿ. ಗೆರೆಯ ಆಚೆಗೆ, ಐವತ್ತು ಕಿಲೋಮೀಟರ್ ದೂರದ ಮಂಗಳೂರಿನ ಕಾಲೇಜುಗಳು ಮೈಸೂರು ರಾಜ್ಯಕ್ಕೆ ಸೇರಿದವು. ಒಂದೇ ಜಿಲ್ಲೆಯ ಮಕ್ಕಳು ಒಂದೇ ಪರೀಕ್ಷೆ ಬರೆಯುತ್ತಿದ್ದ ಕಾಲ ಹೋಗಿ, ಅಣ್ಣನದು ಒಂದು ವಿಶ್ವವಿದ್ಯಾನಿಲಯ, ತಮ್ಮನದು ಇನ್ನೊಂದು ಎಂಬ ಕಾಲ ಬಂತು.

1968: ಒಂದೇ ವರ್ಷ ಎರಡು ಬಾಗಿಲು

ಈಗ 1968ಕ್ಕೆ ಬರೋಣ. ಈ ಇಸವಿಯನ್ನು ನಾನು ಮಕ್ಕಳಿಗೆ ಬೋರ್ಡಿನ ಮೇಲೆ ಬರೆದು ತೋರಿಸುವುದುಂಟು. ಆ ವರ್ಷ ಕೇರಳದಲ್ಲಿ ಕಲ್ಲಿಕೋಟೆ ವಿಶ್ವವಿದ್ಯಾನಿಲಯ ಹುಟ್ಟಿತು, ಕಾಸರಗೋಡಿನ ಕಾಲೇಜು ಅದರ ವ್ಯಾಪ್ತಿಗೆ ಬಂತು. ಅದೇ ವರ್ಷ ಗಡಿಯ ಆಚೆ ಮೈಸೂರು ವಿಶ್ವವಿದ್ಯಾನಿಲಯ ಮಂಗಳೂರಿನಲ್ಲಿ ತನ್ನ ಸ್ನಾತಕೋತ್ತರ ಕೇಂದ್ರವನ್ನು ತೆರೆಯಿತು. ಜನರ ಬಾಯಲ್ಲಿ ಅದು ಪಿ.ಜಿ. ಸೆಂಟರು.

ಪಿ.ಜಿ. ಸೆಂಟರ್ ಎಂದರೆ ಏನು? ತಾಯಿ ವಿಶ್ವವಿದ್ಯಾನಿಲಯ ದೂರದಲ್ಲಿ ಇರುತ್ತದೆ. ಪಠ್ಯಕ್ರಮ, ಪ್ರವೇಶದ ನಿಯಮ, ಪರೀಕ್ಷೆ, ಪದವಿ ಎಲ್ಲವೂ ಅದರದೇ. ಪಾಠ ಮಾತ್ರ ಇಲ್ಲಿ ನಡೆಯುತ್ತದೆ. ನೋಡಿಕೊಳ್ಳಲು ಒಬ್ಬ ನಿರ್ದೇಶಕರು ಇರುತ್ತಾರೆ. ನಮ್ಮ ಹಳ್ಳಿಗಳಲ್ಲಿ ದೊಡ್ಡ ಶಾಲೆ ದೂರವಾದಾಗ ಚಿಕ್ಕ ಮಕ್ಕಳಿಗಾಗಿ ಏಕೋಪಾಧ್ಯಾಯ ಶಾಲೆ ತೆರೆಯುತ್ತಿದ್ದರಲ್ಲ, ಸುಮಾರಾಗಿ ಹಾಗೆಯೇ. 1916ರಲ್ಲಿ ಸ್ಥಾಪನೆಯಾದ ಮೈಸೂರು ವಿಶ್ವವಿದ್ಯಾನಿಲಯ ಮಂಗಳೂರಿನಿಂದ ಘಟ್ಟ ಹತ್ತಿ ಹೋಗಬೇಕಾದ, ಸುಮಾರು ಇನ್ನೂರೈವತ್ತು ಕಿಲೋಮೀಟರ್ ದೂರದ ಊರಿನಲ್ಲಿತ್ತು. ಕರಾವಳಿಯ ಹುಡುಗ ಘಟ್ಟ ಹತ್ತುವ ಬದಲು ವಿಶ್ವವಿದ್ಯಾನಿಲಯವೇ ಘಟ್ಟ ಇಳಿದು ಬಂತು.

ಆರಂಭದ ತರಗತಿಗಳು ನಡೆದದ್ದು ಮಂಗಳೂರು ಪೇಟೆಯಲ್ಲಿ. ಆಮೇಲೆ ಕೇಂದ್ರ ಕೊಣಾಜೆಯ ಮುರಕಲ್ಲಿನ ಗುಡ್ಡಕ್ಕೆ ಹೋಯಿತು. ಹೆಸರು ಮಂಗಳಗಂಗೋತ್ರಿ. ಕುವೆಂಪು ಅವರು ಕುಲಪತಿಗಳಾಗಿದ್ದಾಗ ಮೈಸೂರಿನ ಆವರಣಕ್ಕೆ ಮಾನಸಗಂಗೋತ್ರಿ ಎಂದು ಹೆಸರಿಟ್ಟಿದ್ದರು. ಅದೇ ಹೆಸರಿನ ಕುಡಿ ಇಲ್ಲಿಯೂ ಚಿಗುರಿತು. ಹಾಸನದ ಕೇಂದ್ರ ಹೇಮಗಂಗೋತ್ರಿಯಾಯಿತು, ದಾವಣಗೆರೆಯದು ಶಿವಗಂಗೋತ್ರಿಯಾಯಿತು.

ಮಂಗಳಗಂಗೋತ್ರಿಯ ಹೆಸರು ಹೇಳಿದರೆ ಎಸ್.ವಿ. ಪರಮೇಶ್ವರ ಭಟ್ಟರನ್ನು ನೆನೆಯದೆ ಮುಂದೆ ಹೋಗುವಂತಿಲ್ಲ. ತೀರ್ಥಹಳ್ಳಿ ತಾಲೂಕಿನ ಮಾಳೂರಿನವರು. ಕಾಳಿದಾಸ, ಭಾಸ, ಹರ್ಷರ ಕೃತಿಗಳನ್ನು ಕನ್ನಡಕ್ಕೆ ತಂದವರು. ಮೈಸೂರಿನಿಂದ ಬಂದು ಇಲ್ಲಿ ಕನ್ನಡ ಪ್ರಾಧ್ಯಾಪಕರಾಗಿ, ನಿರ್ದೇಶಕರಾಗಿ ಈ ಕೇಂದ್ರವನ್ನು ಬೆಳೆಸಿದರು. ಕನ್ನಡ ಎಂ.ಎ. ತರಗತಿಯ ಮೊದಲ ತಂಡದಲ್ಲಿ ಓದಿದವರಲ್ಲಿ ಬಂಟ್ವಾಳ ತಾಲೂಕಿನ ಪುಣಚದ ಬಿ.ಎ. ವಿವೇಕ ರೈ ಒಬ್ಬರು. ವಿಜ್ಞಾನದ ಪದವಿ ಮುಗಿಸಿದ್ದ ಅವರು ಕನ್ನಡ ಎಂ.ಎ.ಗೆ ಬಂದರು. 1970ರಲ್ಲಿ ತೇರ್ಗಡೆಯಾಗಿ ಅಲ್ಲಿಯೇ ಅಧ್ಯಾಪಕರಾದರು. ತುಳು ಜನಪದ ಸಾಹಿತ್ಯದ ಮೇಲೆ ಸಂಶೋಧನೆ ಮಾಡಿದರು. ಮುಂದೆ ಹಂಪಿ ಕನ್ನಡ ವಿಶ್ವವಿದ್ಯಾಲಯದ ಕುಲಪತಿಗಳಾದರು.

ಇದರಲ್ಲಿ ಒಂದು ಪಾಠವಿದೆ. ಗದ್ದೆಯಲ್ಲಿ ಹೆಂಗಸರು ನೇಜಿ ನೆಡುತ್ತಾ ಹೇಳುತ್ತಿದ್ದ ಪಾಡ್ದನ, ಗರಡಿಯ ಮುಂದಿನ ಭೂತದ ನುಡಿಗಟ್ಟು, ರಾತ್ರಿಯಿಡೀ ನಡೆಯುವ ಯಕ್ಷಗಾನ, ಇವೆಲ್ಲ ಎಂ.ಎ. ತರಗತಿಯ ಅಧ್ಯಯನದ ವಿಷಯವಾದದ್ದು ಕೇಂದ್ರ ಈ ಮಣ್ಣಿಗೆ ಬಂದ ಮೇಲೆ. ಮನೆಯಲ್ಲಿ ಕೇಳಿದ್ದನ್ನೇ ಪ್ರಬಂಧವಾಗಿ ಬರೆಯಬಹುದು ಎಂದು ಹಳ್ಳಿಯ ಹುಡುಗರಿಗೆ ಧೈರ್ಯ ಬಂತು. ವಿಶ್ವವಿದ್ಯಾನಿಲಯ ಹತ್ತಿರ ಬಂದರೆ ಬಸ್ಸಿನ ದುಡ್ಡು ಮಾತ್ರ ಉಳಿಯುವುದಲ್ಲ, ಓದಿನ ವಿಷಯವೂ ಹತ್ತಿರವಾಗುತ್ತದೆ.

ನಮ್ಮ ಮಾಷ್ಟ್ರು ಹೇಳಿದ ಕತೆ

ನನಗೆ ಹೈಸ್ಕೂಲಿನಲ್ಲಿ ಕನ್ನಡ ಕಲಿಸಿದ ಮಾಷ್ಟ್ರು ಎಪ್ಪತ್ತರ ದಶಕದ ಕೊನೆಯಲ್ಲಿ ಕೊಣಾಜೆಯಲ್ಲಿ ಓದಿದವರು. ಮಂಜೇಶ್ವರದ ಬದಿಯವರು. ಕಾಸರಗೋಡು ಕಾಲೇಜಿನಲ್ಲಿ ಬಿ.ಎ. ಆಗಿತ್ತು. ಅವರ ಮನೆಯಿಂದ ಕೊಣಾಜೆಗೆ ಮೂವತ್ತು ಕಿಲೋಮೀಟರೂ ಇಲ್ಲ. ವರ್ಕಾಡಿಯ ಕಡೆಯ ಕೆಲವು ಊರುಗಳಿಂದಂತೂ ಮಂಗಳೂರು ಪೇಟೆಗಿಂತ ಕೊಣಾಜೆಯೇ ಹತ್ತಿರ.

ಆದರೆ ಅವರು ಸೀಟು ಪಡೆಯಲು ಹೋದ ದಾರಿಯೇ ಬೇರೆ. ಅರ್ಜಿ ಹಾಕಿದರು, ಅಂಕ ಚೆನ್ನಾಗಿತ್ತು. ಆದರೆ ಪದವಿ ಬೇರೆ ವಿಶ್ವವಿದ್ಯಾನಿಲಯದ್ದು. ಬೇರೆ ವಿಶ್ವವಿದ್ಯಾನಿಲಯದಿಂದ ಬಂದವರು ಮೈಗ್ರೇಶನ್ ಸರ್ಟಿಫಿಕೇಟು ತರಬೇಕು, ಪದವಿ ಇಲ್ಲಿಗೆ ಸರಿಹೊಂದುತ್ತದೆ ಎಂಬ ಅರ್ಹತಾ ಪತ್ರವನ್ನೂ ಪಡೆಯಬೇಕು. ಇದು ಎಲ್ಲ ವಿಶ್ವವಿದ್ಯಾನಿಲಯಗಳಲ್ಲಿಯೂ ಇರುವ ಕ್ರಮ, ಯಾರ ತಪ್ಪೂ ಅಲ್ಲ. ಸರ್ಟಿಫಿಕೇಟು ಸಿಗುವುದು ಕಲ್ಲಿಕೋಟೆ ವಿಶ್ವವಿದ್ಯಾನಿಲಯವಿರುವ ತೇಞಿಪ್ಪಲದಲ್ಲಿ. ಅಂಚೆಯಲ್ಲಿ ತರಿಸಿದರೆ ಕೊನೆಯ ದಿನಾಂಕ ದಾಟುವ ಭಯ. ಮಾಷ್ಟ್ರು ರಾತ್ರಿ ರೈಲು ಹತ್ತಿ ಕಲ್ಲಿಕೋಟೆಯಲ್ಲಿ ಇಳಿದು, ಅಲ್ಲಿಂದ ಬಸ್ಸಿನಲ್ಲಿ ಹೋಗಿ, ಇಡೀ ದಿನ ಕಾದು ಕಾಗದ ಹಿಡಿದುಕೊಂಡು ಮರುದಿನ ಊರಿಗೆ ಬಂದರಂತೆ. "ಮೂವತ್ತು ಕಿಲೋಮೀಟರ್ ಆಚೆಗಿನ ಬಾಗಿಲು ತೆರೆಯಲು ಇನ್ನೂರು ಕಿಲೋಮೀಟರ್ ಆಚೆಯಿಂದ ಕೀಲಿಕೈ ತಂದೆ ಮಾರಾಯ" ಎಂದು ಅವರು ನಗುತ್ತಾ ಹೇಳುತ್ತಿದ್ದರು. ಹೇಳುವಾಗ ನಗು, ಆಗ ಅನುಭವಿಸಿದ್ದು ನಗುವ ವಿಷಯವಲ್ಲ. ರೈಲಿನ ದುಡ್ಡಿಗೆ ಅವರ ಅಮ್ಮ ಅಡಿಕೆ ಮಾರಿದ್ದರು.

ಸೇರಿದ ಮೇಲಿನ ಬದುಕಿನ ಬಗ್ಗೆ ಅವರು ಹೇಳುತ್ತಿದ್ದದ್ದು ಕೇಳಲು ಬಲು ಚೆಂದ. ತೊಕ್ಕೊಟ್ಟಿನಲ್ಲಿ ಇಳಿದು ದೇರಳಕಟ್ಟೆಯ ದಾರಿಯಲ್ಲಿ ಹೋಗುವ ಬಸ್ಸು ಹಿಡಿಯಬೇಕು. ಬಸ್ಸುಗಳು ಕಡಿಮೆ, ಒಂದು ತಪ್ಪಿದರೆ ಮೊದಲ ತರಗತಿ ಹೋಯಿತು. ಗುಡ್ಡದ ಮೇಲೆ ಮರಗಳು ಇನ್ನೂ ಬೆಳೆದಿರಲಿಲ್ಲ. ಬೇಸಗೆಯಲ್ಲಿ ಪಾದ ಸುಡುವ ಮುರಕಲ್ಲು, ಆಷಾಢದಲ್ಲಿ ಕೊಡೆಯನ್ನೇ ತಿರುಗಿಸಿ ಹಾಕುವ ಗಾಳಿಮಳೆ. ಹಾಸ್ಟೆಲಿನಲ್ಲಿ ಕೊಡಗಿನವರು, ಘಟ್ಟದ ಮೇಲಿನವರು, ಕರಾವಳಿಯವರು ಒಟ್ಟಾಗಿ ಊಟಕ್ಕೆ ಕುಳಿತರೆ ಮೊದಲ ಜಗಳ ಅನ್ನದ್ದು. ನಮ್ಮವರಿಗೆ ಕುಚ್ಚಲಕ್ಕಿ ಬೇಕು, ಅವರಿಗೆ ಬೆಳ್ತಿಗೆ. ಎರಡನೆಯದು ಮಾತಿನದ್ದು. ಪುಸ್ತಕದ ಕನ್ನಡ ಮಾತಾಡುತ್ತಾರೆಂದು ನಮ್ಮವರನ್ನು ಅವರು ತಮಾಷೆ ಮಾಡಿದರೆ, ನಮ್ಮವರು ತುಳುವಿಗೆ ಜಾರಿ ತಪ್ಪಿಸಿಕೊಳ್ಳುತ್ತಿದ್ದರು. ವರ್ಷ ಕಳೆಯುವಷ್ಟರಲ್ಲಿ ಘಟ್ಟದವರ ಬಾಯಲ್ಲಿಯೂ "ಎಂಚ ಉಲ್ಲರ್" ಬಂದಿತ್ತು. ಹತ್ತಿರದಲ್ಲಿ ಆಟ ಇದ್ದ ರಾತ್ರಿ ಬೆಳಗಿನವರೆಗೆ ನೋಡಿ, ಮುಖ ತೊಳೆದು ನೇರ ತರಗತಿಗೆ ಹೋಗಿ ಹಳಗನ್ನಡ ಕಾವ್ಯದ ಪಾಠಕ್ಕೆ ಕುಳಿತದ್ದೂ ಉಂಟಂತೆ.

ಮಾಷ್ಟ್ರಿಗೆ ಸಿಕ್ಕಿದ ಪದವಿಪತ್ರದಲ್ಲಿ ಇದ್ದದ್ದು ಮೈಸೂರಿನ ಹೆಸರು. "ಮೈಸೂರನ್ನು ನೋಡದೆಯೇ ಮೈಸೂರು ಎಂ.ಎ. ಆದವನು ನಾನು" ಎನ್ನುತ್ತಿದ್ದರು. ಅವರು ಮರಳಿ ಬಂದು ಇಲ್ಲಿಯ ಶಾಲೆಯಲ್ಲಿ ಮೇಷ್ಟ್ರಾದ ಕಾರಣ ನಮ್ಮಂಥವರು ಕನ್ನಡ ಕಲಿತೆವು.

ಕೇಂದ್ರ ವಿಶ್ವವಿದ್ಯಾನಿಲಯವಾದದ್ದು

1980ರ ಸೆಪ್ಟೆಂಬರ್ 10ರಂದು ಮಂಗಳಗಂಗೋತ್ರಿ ಸ್ವತಂತ್ರ ಮಂಗಳೂರು ವಿಶ್ವವಿದ್ಯಾನಿಲಯವಾಯಿತು. ಆಗಿನ ದಕ್ಷಿಣ ಕನ್ನಡ ಮತ್ತು ಕೊಡಗು ಜಿಲ್ಲೆಗಳು ಅದರ ವ್ಯಾಪ್ತಿ. ಇತಿಹಾಸಕಾರ ಬಿ. ಶೇಖ್ ಅಲಿ ಮೊದಲ ಕುಲಪತಿಗಳು. ಅದೇ ವರ್ಷ ಗಡಿಯ ಈಚೆ ಮಂಜೇಶ್ವರದಲ್ಲಿ ಗೋವಿಂದ ಪೈ ಸ್ಮಾರಕ ಸರಕಾರಿ ಕಾಲೇಜು ಆರಂಭವಾಯಿತು. ಪದವಿ ಪೂರ್ತಿಯಾಗದ ಕವಿಯ ಹೆಸರಿನಲ್ಲಿ ಅವರ ಊರಿನಲ್ಲಿಯೇ ಕಾಲೇಜು. ಈ ಸಂಗತಿಯನ್ನು ನಾನು ಪ್ರತಿ ವರ್ಷ ಏಳನೆಯ ತರಗತಿಗೆ ಹೇಳುತ್ತೇನೆ.

ಇದು ನಮ್ಮ ಕರಾವಳಿಯೊಂದರ ಕತೆಯಲ್ಲ. ಇತರ ಗಡಿಗಳ ಕನ್ನಡ ಬಂಧುಗಳೂ ಇದನ್ನು ಕಂಡಿದ್ದಾರೆ. ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯ 1970ರಲ್ಲಿ ಗುಲ್ಬರ್ಗದಲ್ಲಿ ತೆರೆದ ಕೇಂದ್ರ ಮಂಗಳೂರಿನ ಜೊತೆಯಲ್ಲಿಯೇ 1980ರಲ್ಲಿ ವಿಶ್ವವಿದ್ಯಾಲಯವಾಯಿತು. ತಿರುಪತಿಯ ಶ್ರೀ ವೆಂಕಟೇಶ್ವರ ವಿಶ್ವವಿದ್ಯಾಲಯ ಅನಂತಪುರದಲ್ಲಿ ಪಿ.ಜಿ. ಸೆಂಟರ್ ತೆರೆದದ್ದೂ 1968ರಲ್ಲಿಯೇ. ಅದು 1981ರಲ್ಲಿ ಶ್ರೀ ಕೃಷ್ಣದೇವರಾಯ ವಿಶ್ವವಿದ್ಯಾಲಯವಾಯಿತು. ರಾಯದುರ್ಗ, ಮಡಕಶಿರಾದ ಮಕ್ಕಳಿಗೆ ಹತ್ತಿರದ ಬಾಗಿಲು ಅದು. ಕೊಲ್ಹಾಪುರದ ಶಿವಾಜಿ ವಿಶ್ವವಿದ್ಯಾಲಯದ ಸೊಲ್ಲಾಪುರದ ಕೇಂದ್ರ 2004ರಲ್ಲಿ ಸೊಲ್ಲಾಪುರ ವಿಶ್ವವಿದ್ಯಾಲಯವಾಯಿತು. ಅಕ್ಕಲಕೋಟೆಯವರಿಗೆ ಕೊಲ್ಹಾಪುರದ ದಾರಿ ತಪ್ಪಿತು.

ಮಂಗಳೂರು ಕೂಡ ತಾಯಿಯಾಯಿತು. ಕೊಡಗಿನ ಚಿಕ್ಕ ಅಳುವಾರದಲ್ಲಿ ಅದು ತೆರೆದ ಜ್ಞಾನಕಾವೇರಿ ಎಂಬ ಕೇಂದ್ರ 2023ರಲ್ಲಿ ಕೊಡಗು ವಿಶ್ವವಿದ್ಯಾಲಯವಾಯಿತು. ಆದರೆ 2025ರಲ್ಲಿ ಇಂಥ ಹೊಸ ವಿಶ್ವವಿದ್ಯಾಲಯಗಳನ್ನು ಮುಚ್ಚುವ ಅಥವಾ ಹಳೆಯವಕ್ಕೆ ಸೇರಿಸುವ ಮಾತು ಸರಕಾರದ ಮಟ್ಟದಲ್ಲಿಯೇ ಬಂತು. ತೆರೆದ ಬಾಗಿಲು ತೆರೆದೇ ಇರುತ್ತದೆ ಎಂದು ತಿಳಿಯುವಂತಿಲ್ಲ. ಮಕ್ಕಳು ಬಂದರೆ ಮಾತ್ರ ಅದು ಉಳಿಯುತ್ತದೆ.

ನಮ್ಮ ಈಚೆಯ ಬಾಗಿಲುಗಳು

1996ರಲ್ಲಿ ಕಣ್ಣೂರು ವಿಶ್ವವಿದ್ಯಾನಿಲಯ ಬಂತು. ಕಾಸರಗೋಡು, ಕಣ್ಣೂರು ಜಿಲ್ಲೆಗಳು ಮತ್ತು ವಯನಾಡಿನ ಮಾನಂತವಾಡಿ ತಾಲೂಕು ಅದರ ವ್ಯಾಪ್ತಿ. ಒಂದೇ ಕಡೆ ಎಲ್ಲವನ್ನೂ ಕಟ್ಟದೆ ಹಲವು ಊರುಗಳಲ್ಲಿ ಆವರಣಗಳನ್ನು ಹರಡುವುದು ಅದರ ಮೂಲ ಯೋಜನೆ. ಹಾಗಾಗಿ ಕಾಸರಗೋಡಿನ ವಿದ್ಯಾನಗರದ ಚಾಲದಲ್ಲಿಯೂ ಅದರ ಆವರಣವಿದೆ, ಅಲ್ಲಿ ಕನ್ನಡ ವಿಭಾಗವೂ ಇದೆ. ಕಾಸರಗೋಡು ಸರಕಾರಿ ಕಾಲೇಜಿನಲ್ಲಿ ಕನ್ನಡ ಎಂ.ಎ. ಇದೆ. 2009ರಲ್ಲಿ ಸ್ಥಾಪನೆಯಾದ ಕೇರಳ ಕೇಂದ್ರೀಯ ವಿಶ್ವವಿದ್ಯಾನಿಲಯ ಈಗ ಪೆರಿಯದಲ್ಲಿದೆ. ಅಲ್ಲಿಗೆ ಅಖಿಲ ಭಾರತ ಮಟ್ಟದ ಸಿ.ಯು.ಇ.ಟಿ. ಪರೀಕ್ಷೆಯ ಮೂಲಕ ಪ್ರವೇಶ. ಯಾವ ರಾಜ್ಯದವರು ಎಂಬ ಪ್ರಶ್ನೆ ಅಲ್ಲಿ ಅಡ್ಡ ಬರುವುದಿಲ್ಲ.

ಕರ್ನಾಟಕದ ವೃತ್ತಿಶಿಕ್ಷಣದ ಸಿ.ಇ.ಟಿ.ಯಲ್ಲಿ ಹೊರನಾಡು ಮತ್ತು ಗಡಿನಾಡು ಕನ್ನಡಿಗರಿಗೆ ಅವಕಾಶ ಕೊಡುವ ನಿಯಮವಿದೆ. ಕನ್ನಡ, ತುಳು ಅಥವಾ ಕೊಡವ ಮಾತೃಭಾಷೆಯಾಗಿರಬೇಕು, ಕನ್ನಡ ಬರುತ್ತದೆ ಎಂದು ಪರೀಕ್ಷೆಯಲ್ಲಿ ತೋರಿಸಬೇಕು. ನಮ್ಮ ಮಕ್ಕಳಿಗೆ ಆ ಪರೀಕ್ಷೆಯ ಭಯ ಬೇಕಾಗಿಲ್ಲ. ಹತ್ತು ವರ್ಷ ಕನ್ನಡದಲ್ಲಿ ಓದಿದ್ದು ಇಲ್ಲಿ ನೇರವಾಗಿ ಕೈಹಿಡಿಯುತ್ತದೆ. ಆದರೆ ಈ ನಿಯಮದ ವಿಷಯ ಗೊತ್ತಿಲ್ಲದೆ ಸಾಮಾನ್ಯ ಪಟ್ಟಿಯಲ್ಲಿ ಅರ್ಜಿ ಹಾಕಿ ಅವಕಾಶ ಕಳೆದುಕೊಂಡವರನ್ನು ನಾನು ನೋಡಿದ್ದೇನೆ.

ಗೆರೆ ಮತ್ತೆ ಕಂಡ ದಿನಗಳು

ಇಷ್ಟೆಲ್ಲ ಆದ ಮೇಲೆ ಗಡಿ ಎಂಬುದು ತಲಪಾಡಿಯ ಒಂದು ಬೋರ್ಡು ಮಾತ್ರ ಎಂದು ನಾವು ಮರೆತೇಬಿಟ್ಟಿದ್ದೆವು. ಬೆಳಗ್ಗೆ ರೈಲಿನಲ್ಲಿ ಸೀಸನ್ ಟಿಕೇಟು ಹಿಡಿದು ಮಂಗಳೂರಿಗೆ ಹೋಗಿ ಸಂಜೆ ಮರಳುವ ಮಕ್ಕಳಿಗೆ ಅದು ಕಣ್ಣಿಗೇ ಬೀಳುತ್ತಿರಲಿಲ್ಲ. 2020ರ ಮಾರ್ಚಿನಲ್ಲಿ ಕೊರೋನಾ ಬಂದಾಗ ರಸ್ತೆಗೆ ಮಣ್ಣು ಸುರಿದು ಗಡಿ ಮುಚ್ಚಿದರು. 2021ರಲ್ಲಿ ದಾಟಬೇಕಾದರೆ ಆರ್.ಟಿ.ಪಿ.ಸಿ.ಆರ್. ವರದಿ ಕೇಳಿದರು. ದಿನವೂ ಹೋಗಿ ಬರುವ ವಿದ್ಯಾರ್ಥಿ ದಿನವೂ ಎಲ್ಲಿಂದ ವರದಿ ತರಬೇಕು? ಕೆಲವರು ಮಂಗಳೂರಿನಲ್ಲಿ ಕೋಣೆ ಹಿಡಿದರು. ಕೋಣೆ ಹಿಡಿಯಲಾಗದವರು ಮನೆಯಲ್ಲಿ ಉಳಿದರು. ಉಳಿದವರಲ್ಲಿ ಹೆಣ್ಣುಮಕ್ಕಳು ಹೆಚ್ಚು. ನನ್ನ ಒಬ್ಬಳು ಶಿಷ್ಯೆಯ ಓದು ಆ ವರ್ಷ ಹಾಗೆಯೇ ನಿಂತಿತು. ಈಗ ಅವಳಿಗೆ ಮದುವೆಯಾಗಿದೆ. ಸಿಕ್ಕಿದಾಗ ಓದಿನ ಮಾತು ನಾನೂ ಎತ್ತುವುದಿಲ್ಲ, ಅವಳೂ ಎತ್ತುವುದಿಲ್ಲ.

ಆದ್ದರಿಂದ ನನಗೆ ಅನಿಸುವುದು ಇಷ್ಟು. ನಮಗೆ ದೂರ ಎಂಬುದು ಎರಡು ಬಗೆ. ಒಂದು ದಾರಿಯ ದೂರ, ಇನ್ನೊಂದು ಕಾಗದದ ದೂರ. 1968ರ ಪಿ.ಜಿ. ಸೆಂಟರ್ ದಾರಿಯ ದೂರವನ್ನು ಕಡಿಮೆ ಮಾಡಿತು. ಕಾಗದದ ದೂರವನ್ನು ಕಡಿಮೆ ಮಾಡುವ ಕೆಲಸ ನಮ್ಮಂಥ ಶಾಲೆಯ ಮಾಷ್ಟ್ರು, ಟೀಚರ್‌ಗಳದ್ದು, ಪಾಲಕರದ್ದು. ಒಂದನೆಯ ತರಗತಿಯಿಂದಲೇ ದಾಖಲೆಯಲ್ಲಿ ಮಗುವಿನ ಹೆಸರು, ಮಾತೃಭಾಷೆ ಸರಿಯಾಗಿದೆಯೇ ಎಂದು ನೋಡಬೇಕು. ಕನ್ನಡ ಮಾಧ್ಯಮದಲ್ಲಿ ಓದಿದ ದಾಖಲೆ ತೆಗೆದಿಡಬೇಕು. ಡಿಗ್ರಿಯ ಫಲಿತಾಂಶ ಬಂದ ಕೂಡಲೇ ಮೈಗ್ರೇಶನ್ನಿಗೆ ಅರ್ಜಿ ಹಾಕಬೇಕು. ಕೇರಳದಲ್ಲಿ 2009ರಿಂದ ಡಿಗ್ರಿಗೆ ಗ್ರೇಡು ಬಂದಿರುವ ಕಾರಣ ಅಂಕಕ್ಕೆ ಪರಿವರ್ತಿಸಿದ ಪತ್ರವನ್ನೂ ಕೇಳಬಹುದು. ನಿಯಮಗಳು ವರ್ಷವರ್ಷ ಬದಲಾಗುತ್ತವೆ, ಆ ವರ್ಷದ ಪ್ರಕಟಣೆಯನ್ನೇ ಓದಬೇಕು.

ಈ ಸಲ ಅಂಗಳಕ್ಕೆ ಬಂದ ಹುಡುಗಿಗೆ ನಾನು ಎರಡೂ ಕಡೆ ಅರ್ಜಿ ಹಾಕು ಎಂದೆ. ಅವಳ ಅಪ್ಪ ಫೈಲನ್ನು ಬಿಚ್ಚಿ ಒಂದೊಂದೇ ಕಾಗದ ತೆಗೆದು ಜಗಲಿಯಲ್ಲಿ ಸಾಲಾಗಿ ಇಟ್ಟರು. ಅವರು ಓದಿದ್ದು ನಾಲ್ಕನೆಯ ತರಗತಿಯವರೆಗೆ. ಯಾವುದು ಏನೆಂದು ಅವರಿಗೆ ಗೊತ್ತಿರಲಿಲ್ಲ, ಆದರೆ ಒಂದೂ ಮಡಿಕೆಯಾಗಿರಲಿಲ್ಲ. ಯಾವುದು ಇದೆ, ಯಾವುದು ಇಲ್ಲ ಎಂದು ನಾವು ಮೂವರೂ ಕುಳಿತು ಪಟ್ಟಿ ಮಾಡಿದೆವು. ಇಲ್ಲದ್ದು ಎರಡೇ. ಅವನ್ನು ತರಲು ಅವಳು ಸೋಮವಾರ ಕಣ್ಣೂರಿಗೆ ಹೋಗುತ್ತಾಳೆ.